ಕಾಪಿ ಮಾಡಿ ಕಳೆದುಕೊಂಡ ಹನ್ನೊಂದು ಜನ

ನಮ್ಮ ಮುತ್ತಜ್ಜ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ್ದಾರೆ, ಬಿಳೇಕಹಳ್ಳಿಯಲ್ಲಿ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿದ್ದಾರೆ, ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುವ ಹವ್ಯಾಸವೂ ಇದೆ ಎಂಬ ವಿಷಯ ನನಗೆ ಹೋದ ತಿಂಗಳ ಒಂದು ಮಂಗಳವಾರ ಗೊತ್ತಾಯಿತು.

ತಿಳಿಸಿದವರು ನಮ್ಮ ಸೀನಿ ಚಿಕ್ಕಪ್ಪ. ಫೋನಿನಲ್ಲಿ.

"ಏನಮ್ಮಾ, ನಮ್ಮ ತಾತ ಬಿ.ಇ. ಮಾಡಿದ್ರಂತಲ್ಲ, ನಿನಗೆ ಗೊತ್ತಿತ್ತಾ?" ಎಂದರು. ಬಹಳ ಮೆಲ್ಲಗೆ. ಚಿಕ್ಕಪ್ಪನಿಗೆ ಕೋಪ ಬಂದಾಗ ಧ್ವನಿ ಇಳಿಯುತ್ತದೆ.

"ಯಾವ ತಾತ?"

"ನನ್ನ ತಾತ. ನಿನ್ನ ಮುತ್ತಜ್ಜ. ನರಸಿಂಹಯ್ಯ. ಕೂಲಿಮಠದಲ್ಲಿ ಪಾಠ ಹೇಳ್ತಿದ್ರು, ನಶ್ಯ ಹಾಕ್ತಿದ್ರು ಅಂತ ನಾನು ಬರೆದಿದ್ದೆ. ಪುಸ್ತಕದ ಪ್ರೂಫಲ್ಲಿ ನೋಡಿದ್ರೆ ಸೈಕಲ್ ತುಳೀತಾರಂತೆ. ಹೆಲ್ಮೆಟ್ ಹಾಕ್ಕೊಂಡು."

ನನಗೆ ನಗು ಬಂತು. ಜೋರಾಗಿಯೇ ನಕ್ಕೆ.

"ನಗು, ನಗು. ಹಾಗೇ ನನ್ನ ಪುಟಾನೂ ಕೇಳಿಸ್ಕೊ. ಶ್ರೀನಿವಾಸ. ಎರಡನೇ ಕ್ಲಾಸು. ಡೈನೋಸಾರ್ ಅಂದ್ರೆ ಪ್ರಾಣ. ಮುಂದಿನ ಎರಡು ಹಲ್ಲು ಬಿದ್ದಿದೆ."

ಎಂಬತ್ತು ತುಂಬುತ್ತಿರುವ ಚಿಕ್ಕಪ್ಪನಿಗೆ ಹಲ್ಲಿನ ವಿಷಯವಾದರೂ ಹೊಂದುತ್ತದಲ್ಲ ಎನ್ನಬೇಕೆಂದಿದ್ದವಳು ಸುಮ್ಮನಾದೆ. ಆ ಪುಟಗಳು ಹಾಗಾಗುವುದಕ್ಕೆ ಕಾರಣ ಬೇರೆ ಯಾರೂ ಅಲ್ಲ, ನಾನೇ ಎಂದು ಅಷ್ಟರಲ್ಲಿ ಹೊಳೆದಿತ್ತು.

ಈಗ ಮೊದಲಿನಿಂದ ಹೇಳುತ್ತೇನೆ.

ಸೀನಿ ಚಿಕ್ಕಪ್ಪ ನಮ್ಮ ಅಪ್ಪನ ಕೊನೆಯ ತಮ್ಮ. ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಮನೆ. ನಮ್ಮ ಜೆ.ಪಿ. ನಗರದಿಂದ ನಡೆದರೆ ಇಪ್ಪತ್ತು ನಿಮಿಷ (ಆಟೋದಲ್ಲಿ ಮೂವತ್ತು). ನೌಕರಿಯಲ್ಲಿದ್ದಷ್ಟು ದಿನವೂ ಆಫೀಸಿನ ಫೈಲುಗಳನ್ನು ಜೋಡಿಸಿಟ್ಟ ಮನುಷ್ಯ. ರಿಟೈರ್ ಆದ ಮೇಲೆ ಜೋಡಿಸುವುದಕ್ಕೆ ಏನೂ ಸಿಗದೆ ಕೆಲವು ವರ್ಷ ಒದ್ದಾಡಿದರು. ಆಮೇಲೆ ನಮ್ಮ ವಂಶವನ್ನೇ ಹಿಡಿದುಕೊಂಡರು.

ವಂಶವೃಕ್ಷ ಎಂದರೆ ನೀವು ಅಂದುಕೊಳ್ಳುವಂತೆ ಒಂದು ಹಾಳೆಯಲ್ಲಿ ಮರ ಬರೆದು ಕೊಂಬೆಗೊಂದು ಹೆಸರು ನೇತುಹಾಕುವುದಲ್ಲ. ಒಬ್ಬೊಬ್ಬರಿಗೂ ಒಂದೊಂದು ಫೈಲು, ಅಯ್ಯ ಅಮ್ಮ ಬಿಟ್ಟು ಬರೀ ಹೆಸರಿನಲ್ಲಿ. ಹುಟ್ಟಿದ ಊರು, ನಕ್ಷತ್ರ, ಯಾರ ಮನೆಗೆ ಕೊಟ್ಟಿತ್ತು, ಯಾರ ಮನೆಯಿಂದ ತಂದದ್ದು, ಯಾವ ಕಾಯಿಲೆ, ಯಾವ ಚಟ, ಯಾವ ತಿಂಡಿ ಇಷ್ಟ, ಯಾರ ಜೊತೆ ಮಾತು ಬಿಟ್ಟಿದ್ದರು, ಯಾಕೆ. ಎಂಟು ವರ್ಷ ಈ ಕೆಲಸ ನಡೆಯಿತು. ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಫೋನನ್ನು ಸ್ಪೀಕರಿಗೆ ಹಾಕಿ ಯಾರಾದರೊಬ್ಬ ಹಿರಿಯರನ್ನು ಹಿಡಿಯುತ್ತಿದ್ದರು. "ಅತ್ತೇ, ನಿಮ್ಮ ಓರಗಿತ್ತಿ ಹೆಂಗಿದ್ರು ನೋಡೋಕೆ?" ಎಂದು ಶುರುವಾದರೆ ಒಂದು ಗಂಟೆ. ಅರೆಕೆರೆಯ ಸೋದರತ್ತೆಯೊಬ್ಬರು ತೊಂಬತ್ತೊಂದನೇ ವಯಸ್ಸಿನಲ್ಲಿ ಹೋಗುವ ಹಿಂದಿನ ವಾರದವರೆಗೂ ಹೇಳುತ್ತಲೇ ಇದ್ದರು.

ಹೀಗೆ ನೂರ ಹದಿನೆಂಟು ಜನ. ಆರು ತಲೆಮಾರು. ತಲೆಮಾರಿಗೊಂದು ಫೋಲ್ಡರ್. ಎಲ್ಲವೂ ಚಿಕ್ಕಪ್ಪನ ಮುಂಗೋಣೆಯ ಹಳೆಯ ಡೆಸ್ಕ್‌ಟಾಪಿನ ಹೊಟ್ಟೆಯಲ್ಲಿ. ಟೈಪ್ ಮಾಡಿದ ಮೇಲೆ ಕೈಬರಹದ ನೋಟ್‌ಬುಕ್ಕುಗಳನ್ನೆಲ್ಲ ಹಳೇ ಪೇಪರಿನವನಿಗೆ ಹಾಕಿದರು. "ಕಂಪ್ಯೂಟರಲ್ಲಿ ಇದೆಯಲ್ಲ, ಕಸ ಯಾಕೆ?" ಎಂದರು. ಎಂಬತ್ತರ ಹತ್ತಿರ ಬಂದವರು ಇಷ್ಟು ಮಾಡರ್ನ್ ಆಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಎಂಬತ್ತರ ಶಾಂತಿಗೆ ದಿನ ಗೊತ್ತಾಯಿತು. ಬನಶಂಕರಿಯಲ್ಲಿ ಹಾಲ್ ಬುಕ್ ಆಯಿತು. ಬಂದವರಿಗೆಲ್ಲ ತಾಂಬೂಲದ ಜೊತೆ ಈ ಪುಸ್ತಕ ಕೊಡಬೇಕು ಎನ್ನುವುದು ಚಿಕ್ಕಪ್ಪನ ಆಸೆ. ಬೇರೆ ಯಾವ ಆಸೆಯನ್ನೂ ಅವರು ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ.

ಸರಿಯಾಗಿ ಆಗಲೇ ಡೆಸ್ಕ್‌ಟಾಪ್ ಕೈಕೊಟ್ಟಿತು. ಆನ್ ಮಾಡಿದರೆ ಆನ್ ಆಗುತ್ತದೆ. ಆದರೆ ಚಿತ್ರವಿಲ್ಲ, ಫೋಲ್ಡರಿಲ್ಲ, ಮೌಸ್ ಅಲ್ಲಾಡಿಸಿದರೆ ಓಡುವ ಬಾಣವೂ ಇಲ್ಲ. ಕಪ್ಪು ಪರದೆ, ಮಿಣಮಿಣ ಎನ್ನುವ ಒಂದು ಗೆರೆ, ಅಷ್ಟೆ. ಏನಾದರೂ ಬೇಕಿದ್ದರೆ ಟೈಪ್ ಮಾಡಿ ಕೇಳಬೇಕು.

ಚಿಕ್ಕಪ್ಪ ನನ್ನನ್ನು ಕರೆಸಿದರು. ಯಾಕೆಂದರೆ ತೊಂಬತ್ತರ ದಶಕದಲ್ಲಿ ಜಯನಗರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಆರು ತಿಂಗಳ ಕೋರ್ಸ್ ಮಾಡಿದ ಹೆಮ್ಮೆ ನನಗಿದೆ, ಅದು ಇಡೀ ಕುಟುಂಬಕ್ಕೂ ಗೊತ್ತಿದೆ. (ಚಪ್ಪಲಿ ಹೊರಗೆ ಬಿಟ್ಟು, ಎ.ಸಿ. ರೂಮಿಗೆ ದೇವರ ಮನೆಗೆ ಹೋಗುವ ಹಾಗೆ ಹೋಗುತ್ತಿದ್ದೆವು. ನಿಮ್ಮಲ್ಲೂ ಕೆಲವರು ಹೋಗಿರುತ್ತೀರಿ.) ಕಪ್ಪು ಪರದೆ ಕಂಡರೆ ಈಗಿನವರು ಹೆದರುತ್ತಾರೆ, ನಾನು ಹೆದರುವುದಿಲ್ಲ. ನಮಗೆ ಆಗ ಬೇರೆ ಬಣ್ಣದ ಪರದೆ ಇರಲೇ ಇಲ್ಲವಲ್ಲ.

"ನೀನೇ ಬಾ. ರಿಪೇರಿಯವರಿಗೆ ಕೊಟ್ರೆ ಫಾರ್ಮ್ಯಾಟ್ ಮಾಡ್ಬಿಡ್ತಾರೆ," ಎಂದರು ಚಿಕ್ಕಪ್ಪ.

ಹೋದೆ. ಪೆನ್‌ಡ್ರೈವನ್ನು ಆ ಮಿಷಿನ್ನು ಗುರುತು ಹಿಡಿಯುವ ಹಾಗೆ ಮಾಡಲು ಮಾತ್ರ ಗಂಗಾಳಿಗೆ ಫೋನ್ ಮಾಡಬೇಕಾಯಿತು. ಗಂಗಾ ನನ್ನ ಹಳೆಯ ಆಫೀಸಿನ ಸಹೋದ್ಯೋಗಿ, ಬಾಗಲಕೋಟೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದಾಳೆ, ಸರ್ವರುಗಳನ್ನು ನೋಡಿಕೊಳ್ಳುವುದೇ ಅವಳ ಕೆಲಸ. ಅವಳು ಹೇಳಿದಂತೆ ಎರಡು ಸಾಲು ಟೈಪ್ ಮಾಡಿದೆ. "ಇನ್ನೇನರ ಹೇಳಬೇಕೇನ್ರಿ ಮೇಡಂ?" ಎಂದಳು. "ಬೇಡ ಬೇಡ, ಕಾಪಿ ತಾನೆ, ನನಗೆ ಬರುತ್ತೆ," ಎಂದು ಫೋನ್ ಇಟ್ಟೆ.

ಕಾಪಿಗೆ ಅಲ್ಲಿ ಎರಡೇ ಅಕ್ಷರ. ಸಿ, ಪಿ. ಮೊದಲು ಯಾವುದನ್ನು, ಆಮೇಲೆ ಎಲ್ಲಿಗೆ, ಎಂಟರ್. ಇಡೀ ವಂಶದ ಫೋಲ್ಡರಿನ ಹೆಸರು ಕೊಟ್ಟು ಹೊಡೆದೆ. ಆಗ ಮಿಷಿನ್ನು ಒಂದು ಸಾಲು ಇಂಗ್ಲಿಷಿನಲ್ಲಿ ಹೇಳಿತು: ಇದು ಫೋಲ್ಡರ್, ಒಳಗಿರುವುದನ್ನೂ ತೆಗೆದುಕೊಂಡು ಹೋಗು ಎಂದು ನೀವು ಹೇಳಿಲ್ಲ, ಆದ್ದರಿಂದ ಬಿಟ್ಟಿದ್ದೇನೆ.

ಮನೆ ಬದಲಾಯಿಸುವಾಗ ಲಾರಿಯವರು ಹೀಗೆ ಮಾಡಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? "ಬೀರು ಅಂದ್ರಿ ಮೇಡಂ, ಬೀರು ಒಳಗಿರೋ ಬಟ್ಟೆ ಅನ್ನಲಿಲ್ಲ."

ಇದಕ್ಕೂ ಒಂದು ಉಪಾಯವಿದೆ, ಗಂಗಾಳನ್ನು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದಳು. ಒಂದು ಅಡ್ಡಗೆರೆ, ಪಕ್ಕದಲ್ಲಿ ಆರ್ ಅಕ್ಷರ. ಫೋಲ್ಡರಿನೊಳಗಿನ ಫೋಲ್ಡರಿನೊಳಗಿನದನ್ನೂ ಇದ್ದ ಹಾಗೆಯೇ ಎತ್ತಿಕೊಂಡು ಹೋಗುತ್ತದೆ. ಆದರೆ ಆಗಷ್ಟೇ "ನನಗೆ ಬರುತ್ತೆ" ಎಂದವಳು ಮತ್ತೆ ಫೋನ್ ಮಾಡುವುದು ಹೇಗೆ? ಜೊತೆಗೆ ಪ್ರೆಸ್ಸಿನವರು ಮೊದಲೇ ಹೇಳಿದ್ದರು: "ಮೇಡಂ, ಆ ಫೋಲ್ಡರು ಈ ಫೋಲ್ಡರು ಅಂತ ಬೇಡ, ಎಲ್ಲಾ ಒಂದೇ ಕಡೆ ಹಾಕಿ ಕೊಡಿ. ಯಾವುದರ ಮುಂದೆ ಯಾವುದು ಅಂತ ಲಿಸ್ಟ್ ಕೊಡಿ, ಹೆಸರು ನೋಡಿ ಜೋಡಿಸ್ಕೋತೀವಿ."

ಸರಿ, ಒಂದೊಂದೇ ತಲೆಮಾರಿನೊಳಗೆ ಹೋದೆ. ಅಲ್ಲಿರುವುದನ್ನೆಲ್ಲ ಪೆನ್‌ಡ್ರೈವಿನ ಒಂದೇ ಫೋಲ್ಡರಿಗೆ ಕಾಪಿ ಮಾಡಿದೆ. ತಲೆಮಾರು ಒಂದು, ಎಂಟರ್. ತಲೆಮಾರು ಎರಡು, ಎಂಟರ್. ಹೀಗೆ ಆರೂ ಮುಗಿಯಿತು. ಮಿಷಿನ್ನು ಒಂದು ಮಾತೂ ಆಡಲಿಲ್ಲ. ಮಾತಾಡಿದರೆ ತಾನೆ ತಕರಾರು? ಸುಮ್ಮನಿದೆ ಎಂದರೆ ಎಲ್ಲ ಸರಿಯಾಗಿದೆ ಎಂದುಕೊಂಡೆ. ಮನುಷ್ಯರ ವಿಷಯದಲ್ಲೂ ನಾವು ಹೀಗೇ ಅಂದುಕೊಳ್ಳುವುದು.

"ಎಲ್ಲಾ ಬಂತಾ?" ಎಂದು ಚಿಕ್ಕಪ್ಪ ಹಿಂದೆ ನಿಂತು ಕೇಳಿದರು.

"ಬಂತು ಚಿಕ್ಕಪ್ಪ."

"ಎಣಿಸಿದ್ಯಾ?"

"ಕಾಪಿ ಮಾಡಿದ್ದನ್ನ ಯಾರಾದ್ರೂ ಎಣಿಸ್ತಾರಾ?" ಎಂದು ನಕ್ಕೆ.

ಮುಂದಿನ ಭಾನುವಾರ ಅವರ ಬಡಾವಣೆಯಲ್ಲಿ ಇ-ವೇಸ್ಟ್ ಗಾಡಿ ಬಂತು. ಚಿಕ್ಕಪ್ಪ ಫೋನ್ ಮಾಡಿ, ಡೆಸ್ಕ್‌ಟಾಪ್ ಕೊಟ್ಟುಬಿಡಲಾ ಎಂದು ಇನ್ನೊಂದು ಸಲ ಕೇಳಿದರು. ಕೊಡಿ, ಧೂಳು ಯಾಕೆ ಎಂದೆ.

ಇಷ್ಟೆಲ್ಲ ಆದ ಮೇಲೆ ಬಂದದ್ದು ಆ ಮಂಗಳವಾರದ ಫೋನು.

ನೀವು ಇಷ್ಟು ಹೊತ್ತಿಗೆ ಊಹಿಸಿದ್ದೀರಿ. ನಮ್ಮಂಥ ಮನೆಗಳಲ್ಲಿ ಮಗುವಿಗೆ ಹೊಸ ಹೆಸರು ಹುಡುಕುವ ಕಷ್ಟವನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಹಿರಿಯ ಮಗನಿಗೆ ತಾತನ ಹೆಸರು. ಹಿರಿಯ ಮಗಳಿಗೆ ಅಜ್ಜಿಯ ಹೆಸರು. (ಮನೆಯಲ್ಲಿ ಕರೆಯುವುದಕ್ಕೆ ಮಾತ್ರ ಪಾಪು, ಪುಟ್ಟ, ಗುಂಡ. ಮಾವನ ಹೆಸರು ಹಿಡಿದು ಸೊಸೆ ಮಗುವನ್ನು ಬಯ್ಯುವುದು ಹೇಗೆ?) ಎರಡನೇ ತಲೆಮಾರಿನಲ್ಲಿ ನರಸಿಂಹ, ನಮ್ಮ ಮುತ್ತಜ್ಜ. ನಾಲ್ಕರಲ್ಲಿ ನರಸಿಂಹ, ನಮ್ಮ ಅಪ್ಪ. ಆರರಲ್ಲಿ ನರಸಿಂಹ, ನಮ್ಮ ಅಣ್ಣನ ಮಗ, ಬಿಳೇಕಹಳ್ಳಿಯ ಸೈಕಲ್ ಸವಾರ. ತಮ್ಮ ತಮ್ಮ ಫೋಲ್ಡರುಗಳಲ್ಲಿ ಇವರೆಲ್ಲ ಸುಖವಾಗಿಯೇ ಇದ್ದರು. ನಾನು ಎಲ್ಲರನ್ನೂ ಒಂದೇ ಕೋಣೆಗೆ ತುಂಬಿದೆ. ನಾಲ್ಕನೇ ತಲೆಮಾರಿನ ನರಸಿಂಹ ಬಂದು ಎರಡನೇ ತಲೆಮಾರಿನವರ ಜಾಗದಲ್ಲಿ ಕೂತರು. ಆರನೆಯವನು ಬಂದು ನಾಲ್ಕನೆಯವರ ಜಾಗದಲ್ಲಿ ಕೂತ. ಎಬ್ಬಿಸಿದ ಸದ್ದೂ ಕೇಳಲಿಲ್ಲ.

ಆಮೇಲೆ ಪ್ರೆಸ್ಸಿನವರು ಲಿಸ್ಟ್ ನೋಡಿ, ನರಸಿಂಹ ಎಂದಿದ್ದ ಕಡೆಯಲ್ಲೆಲ್ಲ ಸಿಕ್ಕಿದ ಒಬ್ಬನೇ ನರಸಿಂಹನನ್ನು ಶಿಸ್ತಾಗಿ ಮೂರು ಪುಟದಲ್ಲಿ ಕೂರಿಸಿದ್ದರು. ಚಿಕ್ಕಪ್ಪನ ಜಾಗದಲ್ಲಿ ಕೂತಿದ್ದವನು ನನ್ನ ಕಸಿನ್ ಒಬ್ಬನ ಮಗ, ಇನ್ನೊಬ್ಬ ಶ್ರೀನಿವಾಸ. ಹಲ್ಲು ಬಿದ್ದವನು.

ಗಂಗಾಳಿಗೆ ಫೋನ್ ಮಾಡಿ ಬೈದೆ. ಅವಳನ್ನಲ್ಲ, ಮಿಷಿನ್ನನ್ನು.

"ಅಲ್ಲ ಗಂಗಾ, ಅದಕ್ಕೊಂದು ಮಾತು ಹೇಳೋಕಾಗಲ್ವಾ? ಡಿಲೀಟ್ ಮಾಡೋಕೆ ಹೋದ್ರೆ ನಿಜವಾಗ್ಲೂನಾ ಅನ್ನತ್ತೆ, ಫೋನಲ್ಲಿ ಒಂದು ಫೋಟೋ ಅಳಿಸ್ಬೇಕಾದ್ರೆ ಎರಡೆರಡು ಸಲ ಕೇಳತ್ತೆ."

"ಅದು ಡಿಲೀಟ್ ಅಲ್ರಿ ಮೇಡಂ, ಕಾಪಿ. ನೀವು ಹೇಳಿದ್ರಿ, ಅದು ಮಾಡ್ತು. ಅದರದೇನ್ ತಪ್ಪೈತ್ರಿ?"

ಹೌದಲ್ಲ. ನಾವು ಹೆದರುವುದು ಡಿಲೀಟಿಗೆ. ಕಟ್ ಎಂದರೂ ಸ್ವಲ್ಪ ಅಳುಕು. ಕಾಪಿಗೆ ಯಾರು ಹೆದರುತ್ತಾರೆ? ಇದ್ದದ್ದು ಇದ್ದಲ್ಲೇ ಇರುತ್ತದೆ, ಇನ್ನೊಂದು ಹೆಚ್ಚಾಗುತ್ತದೆ, ಅಷ್ಟೇ ತಾನೆ ಕಾಪಿ ಎಂದರೆ? ಎಲ್ಲಿಂದ ತೆಗೆಯುತ್ತೇವೋ ಅಲ್ಲಿ ಏನೂ ಆಗುವುದಿಲ್ಲ, ನಿಜ. ಎಲ್ಲಿ ಇಡುತ್ತೇವೋ ಅಲ್ಲಿ ಆಗಲೇ ಯಾರಾದರೂ ಇದ್ದಾರೆಯೇ ಎಂದು ನೋಡುವವರು ಯಾರು?

ಗಂಗಾ ಪಾಪ ಸಂಜೆಯೇ ಬಂದು, ಪ್ರೆಸ್ಸಿನಿಂದ ವಾಪಸ್ ಬಂದಿದ್ದ ಪೆನ್‌ಡ್ರೈವ್ ತೆಗೆದುಕೊಂಡು ಹೋದಳು. ಅಳಿಸಿಹೋದದ್ದನ್ನು ಕೆಲವು ಸಲ ಕೆದಕಿ ತೆಗೆಯಬಹುದಂತೆ. ಮಾರನೇ ದಿನ ಫೋನ್ ಮಾಡಿದಳು. "ಪ್ರೆಸ್ನ್ಯಾರು ಇದನ್ನ ಬ್ಯಾರೇ ಕೆಲಸಕ್ಕೂ ಬಳಸ್ಯಾರ್ರಿ. ಅದರಾಗ ಈಗ ಕೆದಕಿದ್ರ ಬರೋದು ಬರೇ ಲಗ್ನಪತ್ರಿಕಿ ರೀ." ಯಾರದೋ ಮದುವೆ ನಮ್ಮ ಹಿರಿಯರ ಮೇಲೆ ಆಗಿಹೋಗಿತ್ತು.

ಇ-ವೇಸ್ಟಿನವರನ್ನೂ ಹುಡುಕಿದೆ. ಸಿಕ್ಕರು. ಬಹಳ ಮರ್ಯಾದಸ್ಥರು. ಆ ವಾರದ ಲೋಡು ಆಗಲೇ ಪುಡಿಯಾಗಿದೆ ಮೇಡಂ, ನಿಮ್ಮ ಡೇಟಾ ಸೇಫ್, ಯಾರ ಕೈಗೂ ಸಿಗಲ್ಲ ಎಂದು ಧೈರ್ಯ ಹೇಳಿದರು.

ಎಣಿಸಿದೆ. ಈಗ ಎಣಿಸಿದೆ. ನೂರ ಹದಿನೆಂಟರಲ್ಲಿ ನೂರ ಏಳು. ಹನ್ನೊಂದು ಜನ ಇಲ್ಲ.

ಅದರಲ್ಲಿ ನಮ್ಮ ಅಪ್ಪ ಒಬ್ಬರು. ಅಪ್ಪನ ಬಗ್ಗೆ ಚಿಕ್ಕಪ್ಪ ಏನು ಬರೆದಿದ್ದರು ಎಂದು ನಾನು ಓದಿರಲಿಲ್ಲ. ಪುಸ್ತಕ ಬಂದ ಮೇಲೆ ಓದಿದರಾಯಿತು ಎಂದುಕೊಂಡಿದ್ದೆ. ನಾಲ್ಕು ಪುಟ ಇತ್ತಂತೆ. ಇನ್ನೊಮ್ಮೆ ಬರೆಯಿರಿ ಚಿಕ್ಕಪ್ಪ ಎಂದದ್ದಕ್ಕೆ ಅವರು ಗೋಡೆ ನೋಡುತ್ತ, "ಅಣ್ಣ ತೀರಿಕೊಂಡ ವರ್ಷ ಬರೆದದ್ದಮ್ಮ ಅದು. ಆಗ ಬರೆದ ಹಾಗೆ ಈಗ ಬರೆಯೋಕೆ ಬರಲ್ಲ," ಎಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಎದ್ದು ಹಿತ್ತಲಿಗೆ ಹೋಗಿ ನಿಂತೆ.

ಪ್ರೆಸ್ಸಿನವರು ಹತ್ತು ದಿನ ಕೊಟ್ಟರು. ಅದರಾಚೆ ಹೋದರೆ ಸಮಾರಂಭಕ್ಕೆ ಪುಸ್ತಕವಿಲ್ಲ. ನೋಟ್‌ಬುಕ್ಕಿಲ್ಲ, ಡೆಸ್ಕ್‌ಟಾಪಿಲ್ಲ, ಹೇಳಿದ ಹಿರಿಯರಲ್ಲಿ ಅರ್ಧ ಜನ ಇಲ್ಲ. ಚಿಕ್ಕಪ್ಪ ಹೊಸ ಲ್ಯಾಪ್‌ಟಾಪಿನ ಮುಂದೆ ಕೂತರು. (ಅದನ್ನು ಸಿದ್ಧಮಾಡಿಕೊಟ್ಟವಳೂ ಗಂಗಾ.) ಕೂತೇ ಇದ್ದರು. ಎಂಟು ವರ್ಷ ಕೇಳಿ ಬರೆದಿದ್ದಾರೆ, ಆದರೆ ಬರೆದಾದ ಮೇಲೆ ಮರೆಯುವ ಅಭ್ಯಾಸ. ಫೈಲಿನಲ್ಲಿದೆಯಲ್ಲ, ತಲೆಯಲ್ಲಿ ಯಾಕೆ ಎನ್ನುವ ಆಫೀಸಿನ ಬುದ್ಧಿ.

ಆಗ ಅಡುಗೆಮನೆಯಿಂದ ವಿಮಲಾ ಚಿಕ್ಕಮ್ಮನ ಧ್ವನಿ ಬಂತು.

"ತಾತ ಹಾಗಲಕಾಯಿ ಪಲ್ಯ ತಿಂತಿರಲಿಲ್ಲ. ಅಜ್ಜಿ ಮೊದಲು ಒಂದು ತುತ್ತು ತಿಂದು ತೋರಿಸಿದ್ರೆ ಮಾತ್ರ ತಿಂತಿದ್ರು. ಅರೆಕೆರೆ ಅತ್ತೆ ಹೇಳಿದ್ದಲ್ವಾ, ಬರಕೊಳ್ಳಿ."

ನಾವಿಬ್ಬರೂ ತಿರುಗಿ ನೋಡಿದೆವು. ಚಿಕ್ಕಮ್ಮ ಹುರುಳಿಕಾಯಿ ಸೋಸುತ್ತಿದ್ದರು. ತಲೆ ಎತ್ತಲಿಲ್ಲ.

ಎಂಟು ವರ್ಷ ಆ ಫೋನು ಸ್ಪೀಕರಿನಲ್ಲಿ ಕೂಗಿದೆ. ಅಡುಗೆಮನೆಗೂ ಮುಂಗೋಣೆಗೂ ನಡುವೆ ಇರುವುದು ಒಂದು ಪರದೆ. ಚಿಕ್ಕಪ್ಪ ಕೇಳಿ ಬರೆದುಕೊಂಡರು. ಚಿಕ್ಕಮ್ಮ ಕೇಳಿಸಿಕೊಂಡರು. ಅಷ್ಟು ವರ್ಷದಲ್ಲಿ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ.

ಆಮೇಲಿನ ಒಂದು ವಾರ ನಾನು ಬೆಳಿಗ್ಗೆ ಹತ್ತಕ್ಕೆ ಅವರ ಮನೆಯಲ್ಲಿ ಹಾಜರು. ಚಿಕ್ಕಮ್ಮ ಹೇಳುವುದು, ನಾನು ಟೈಪ್ ಮಾಡುವುದು, ಚಿಕ್ಕಪ್ಪ ನಡುವೆ "ಅದು ಹಾಗಲ್ಲ" ಎನ್ನುವುದು, ಚಿಕ್ಕಮ್ಮ "ಹಾಗೇ" ಎನ್ನುವುದು. ಚಿಕ್ಕಪ್ಪ ಬರೆಯದೇ ಬಿಟ್ಟಿದ್ದನ್ನೂ ಚಿಕ್ಕಮ್ಮ ಹೇಳಿದರು. ಯಾರಿಗೆ ಎರಡನೇ ಸಂಬಂಧ ಕಟ್ಟಿದ್ದರು, ಯಾವ ಹೆಂಗಸು ಮೂರು ವರ್ಷ ತವರಿನಲ್ಲೇ ಇದ್ದು ಬಂದಳು. "ಇದೆಲ್ಲ ಪುಸ್ತಕಕ್ಕೆ ಬೇಡ," ಎಂದರು ಚಿಕ್ಕಪ್ಪ. "ನೀವು ಕೇಳಿದ್ರಿ, ಹೇಳಿದೆ. ಬಿಡೋದು ನಿಮ್ಮಿಷ್ಟ," ಎಂದರು ಚಿಕ್ಕಮ್ಮ. ನಾನು ಟೈಪ್ ಮಾಡಿಟ್ಟುಕೊಂಡಿದ್ದೇನೆ, ಅದು ಬೇರೆ ವಿಷಯ.

ಅಪ್ಪನ ಪುಟಕ್ಕೂ ಚಿಕ್ಕಮ್ಮನೇ ಶುರು ಹಚ್ಚಿದರು. ಊಟಕ್ಕೆ ಕೂತಾಗ ಎಲೆಯ ಮೇಲಿನ ಉಪ್ಪನ್ನು ಅಪ್ಪ ಬೆರಳಿನಿಂದ ಒಂದು ಗೆರೆ ಮಾಡಿಕೊಳ್ಳುತ್ತಿದ್ದುದು, ತಮ್ಮನ ಮನೆಗೆ ಬಂದರೆ ಬಾಗಿಲಲ್ಲೇ ನಿಂತು "ಕಾಫಿ ಬೇಡಮ್ಮ" ಎಂದು ಹೇಳಿಯೇ ಒಳಗೆ ಬರುತ್ತಿದ್ದುದು, ಮತ್ತೆ ಎರಡು ಲೋಟ ಕುಡಿಯುತ್ತಿದ್ದುದು. ನಾಲ್ಕು ಪುಟವಾಗಲಿಲ್ಲ. ಒಂದೂಕಾಲು ಪುಟವಾಯಿತು. ಟೈಪ್ ಮಾಡುತ್ತ ನನ್ನ ಕಣ್ಣೀರು ಇಳಿಯಿತು. ಕೀಬೋರ್ಡಿನ ಮೇಲೆ ಬೀಳದಂತೆ ಚಿಕ್ಕಪ್ಪ ಲ್ಯಾಪ್‌ಟಾಪನ್ನು ಸ್ವಲ್ಪ ಆಚೆ ಸರಿಸಿದರು.

ಹನ್ನೊಂದರಲ್ಲಿ ಒಂಬತ್ತು ಜನ ಹೀಗೆ ವಾಪಸ್ ಬಂದರು. ಇಬ್ಬರ ಬಗ್ಗೆ ಹೆಸರು ಬಿಟ್ಟು ಏನೂ ಸಿಗಲಿಲ್ಲ. ಅವರ ವಿಷಯ ಹೇಳಿದವರು ಫೋನಿನಲ್ಲಿ ಹೇಳಿರಲಿಲ್ಲ, ಯಾವುದೋ ಮದುವೆ ಮನೆಯಲ್ಲಿ ಚಿಕ್ಕಪ್ಪನ ಪಕ್ಕ ಕೂತು ಹೇಳಿದ್ದರು. ಪುಸ್ತಕದಲ್ಲಿ ಆ ಎರಡು ಪುಟ ಖಾಲಿ ಇದೆ. ಅದು ನನ್ನ ತಪ್ಪು. ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ.

ಆ ಒಂಬತ್ತರಲ್ಲಿ ಕೊನೆಯವರು ನಮ್ಮ ಅಜ್ಜಿ ಜಾನಕಮ್ಮ. ಚಿಕ್ಕಪ್ಪನ ತಾಯಿ, ಚಿಕ್ಕಮ್ಮನ ಅತ್ತೆ, ಮೂರನೇ ತಲೆಮಾರು. ಅವರ ಜಾಗದಲ್ಲಿ ಕೂತಿದ್ದವಳು ಚಿಕ್ಕಪ್ಪನ ಮಗಳು ಜಾನಕಿ, ಐದನೇ ತಲೆಮಾರು. ಚಿಕ್ಕಮ್ಮನ ಮದುವೆಯಾಗಿ ಎರಡು ವರ್ಷಕ್ಕೆ ಅಜ್ಜಿ ಹೋದರು, ಅದರ ಮುಂದಿನ ವರ್ಷ ಮಗಳು ಹುಟ್ಟಿದಳು. ಅತ್ತೆಯ ಹೆಸರೇ ಇಡೋಣ ಎಂದು ಚಿಕ್ಕಮ್ಮನೇ ಹೇಳಿದರಂತೆ. ಇಂಥ ಸೊಸೆ ಎಲ್ಲಿ ಸಿಗುತ್ತಾಳೆ ಎಂದು ಎಲ್ಲರೂ ಹೊಗಳಿದ್ದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ.

"ಹೇಳಿ ಚಿಕ್ಕಮ್ಮ, ಅಜ್ಜಿ ಹೇಗಿದ್ರು?"

"ಗಟ್ಟಿಗಿತ್ತಿ. ಕೈ ಧಾರಾಳ, ಮಾತು ಬಿಗಿ. ಬಂದವರಿಗೆ ಊಟ ಹಾಕದೆ ಕಳಿಸ್ತಿರಲಿಲ್ಲ. ಒಂದೇ ಸಲ ಹೇಳೋರು ಯಾವುದನ್ನೂ." ಅದೇ ಧಾಟಿಯಲ್ಲಿ ಮುಂದುವರಿಸಿದರು. "ನಾನು ಮದುವೆಯಾಗಿ ಬಂದಾಗ, ಮನೇಲಿ ಒಬ್ಬಳು ಜಾನಕಿ ಇದಾಳೆ, ಇನ್ನೊಬ್ಬಳು ಬೇಡ ಅಂದ್ರು."

ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ.

"ಇನ್ನೊಬ್ಬಳು ಅಂದ್ರೆ?"

"ನಾನೇ. ನಮ್ಮಮ್ಮ ಇಟ್ಟ ಹೆಸರು ಜಾನಕಿ ಅಂತ. ಧಾರೆ ಆದ್ಮೇಲೆ ತಟ್ಟೇಲಿ ಅಕ್ಕಿ ಹರಡಿ ಉಂಗುರದಲ್ಲಿ ಹೆಸರು ಬರೀತಾರಲ್ಲ, ಆಗ ವಿಮಲಾ ಅಂತ ಬರೆದ್ರು. ಅವತ್ತಿಂದ ವಿಮಲಾ."

"ಬರೆದವರು ಯಾರು?"

ಉಂಗುರದಿಂದ ಬರೆಯುವುದು ಮದುಮಗ. ಚಿಕ್ಕಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಆಮೇಲೆ "ಹೌದಲ್ವಾ," ಎಂದರು. ಮರೆತೇ ಹೋಗಿತ್ತು ಅವರಿಗೆ. ನಾಟಕವಾಡುವ ಮನುಷ್ಯ ಅಲ್ಲ, ನಿಜವಾಗಿ ಮರೆತಿದ್ದರು.

ಆ ಮದುವೆಯಲ್ಲಿ ನಾನೂ ಇದ್ದೆ. ಐದು ವರ್ಷದವಳು. ಐವತ್ತೊಂದು ವರ್ಷದಿಂದ ವಿಮಲಾ ಚಿಕ್ಕಮ್ಮ ಎಂದೇ ಕರೆದಿದ್ದೇನೆ. ನನಗೆ ಗೊತ್ತಿರಲಿಲ್ಲ.

ವಿಮಲಾ ಎನ್ನುವ ಫೈಲನ್ನು ತೆಗೆದು ನೋಡಿದೆ. ಅದು ನನ್ನ ಕೈಯಲ್ಲಿ ಹಾಳಾಗಿರಲಿಲ್ಲ. ನಮ್ಮ ವಂಶದಲ್ಲಿ ಇನ್ನೊಬ್ಬ ವಿಮಲಾ ಇಲ್ಲವಲ್ಲ, ಹಾಗಾಗಿ ಒಂದಕ್ಷರವೂ ಕೆಡದೆ ಭದ್ರವಾಗಿತ್ತು. ಮೂರು ಸಾಲು. ವಿಮಲಾ. ಶ್ರೀನಿವಾಸನ ಪತ್ನಿ. ಒಬ್ಬಳು ಮಗಳು. ಯಾರ ಓರಗಿತ್ತಿಗೆ ಯಾವ ತಿಂಡಿ ಇಷ್ಟ ಎಂದು ಎಂಟು ವರ್ಷ ವಿಚಾರಿಸಿದ ಮನುಷ್ಯ ಪರದೆಯ ಆಚೆ ಇದ್ದವರನ್ನು ಕೇಳಿದ್ದು ಇಷ್ಟು.

ಚಿಕ್ಕಮ್ಮನ ಮುಖದಲ್ಲಿ ವಿಶೇಷವೇನೂ ಇರಲಿಲ್ಲ. ಕುಕ್ಕರ್ ಕೂಗಿದ್ದಕ್ಕೆ ಎದ್ದು ಹೋಗಿ ಆರಿಸಿ ಬಂದು ಮತ್ತೆ ಕೂತರು. "ಮುಂದೆ ಬರಿ," ಎಂದರು. ಅಜ್ಜಿಯ ಪುಟವನ್ನು ಕೊನೆಯವರೆಗೂ ಹೇಳಿ ಮುಗಿಸಿದರು. ಒಳ್ಳೆಯ ಮಾತುಗಳನ್ನೇ ಹೇಳಿದರು. ನಾನಾಗಿದ್ದರೆ ಹೇಳುತ್ತಿರಲಿಲ್ಲ.

ಚಿಕ್ಕಪ್ಪ ಒಳಗೆ ಹೋಗಿ ಒಂದು ಖಾಲಿ ಹಾಳೆ, ಪೆನ್ನು ತಂದರು. ಹೆಂಡತಿಯ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. "ನೀನು ಹುಟ್ಟಿದ್ದು ಯಾವ ನಕ್ಷತ್ರ?" ಎಂದರು. ಚಿಕ್ಕಮ್ಮ ನಕ್ಕುಬಿಟ್ಟರು. "ಈಗ ಕೇಳ್ತಿದೀರಾ, ಚೆನ್ನಾಗಿದೆ," ಎಂದರು. ಆದರೆ ಹೇಳಿದರು. ಅನೂರಾಧ.

ನಾನು ಈ ಕಡೆ ಹೊಸದಾಗಿ ಬರೆದ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಲು ಕೂತೆ. ಮೌಸಿನಲ್ಲೇ ಎಳೆದು ಹಾಕಬಹುದಿತ್ತು, ಆದರೆ ಬಿದ್ದವಳಿಗೆ ಲ್ಯಾಪ್‌ಟಾಪಿನಲ್ಲೂ ಅಂಥದೇ ಕಪ್ಪು ಪರದೆ ತೆರೆದು ಅಲ್ಲೇ ಎದ್ದು ನಿಲ್ಲಬೇಕು ಎನ್ನುವ ಹಟ. ಗಂಗಾ ಈ ಸಲ ನನ್ನನ್ನು ನಂಬದೆ ಮೊದಲೇ ಹೇಳಿದ್ದಳು: "ಸಿಪಿ ಆದಮ್ಯಾಲ ಒಂದು ಅಡ್ಡಗೆರಿ ಎಳದು ಐ ಅಕ್ಷರ ಹಚ್ರಿ ಮೇಡಂ. ಆವಾಗ ಕೇಳತೈತಿ." ಹಚ್ಚಿದೆ. ನನ್ನ ಬುದ್ಧಿ ನೋಡಿ, ಅಜ್ಜಿಯ ಹೊಸ ಫೈಲಿಗೂ ಮತ್ತೆ ಜಾನಕಿ ಎಂದೇ ಹೆಸರಿಟ್ಟಿದ್ದೆ. ಅಲ್ಲಿ ಆಗಲೇ ಮಗಳು ಜಾನಕಿ ಇದ್ದಳು. ಎಂಟರ್ ಹೊಡೆದರೆ ಮಿಷಿನ್ನು ನಿಂತಿತು. ಒಂದು ಸಾಲು ಬರೆದು, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಾಯುತ್ತ ಕೂತಿತು.

"ಏನಂತೆ?" ಎಂದು ಚಿಕ್ಕಮ್ಮ ಬಗ್ಗಿ ನೋಡಿದರು.

"ಈ ಹೆಸರಿನವರು ಇಲ್ಲಿ ಆಗಲೇ ಒಬ್ಬರಿದಾರೆ, ಅವರನ್ನ ತೆಗೆದು ಇವರನ್ನ ಇಡಲಾ, ಬೇಡವಾ ಅಂತ ಕೇಳ್ತಿದೆ."

"ಕೇಳ್ತಿದೆಯಾ?"

"ಹ್ಞೂಂ. ಬೇಡ ಅಂದ್ರೆ ಬಿಟ್ಟುಬಿಡತ್ತೆ."

ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ಇನ್ನೊಮ್ಮೆ ನೋಡಿದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತದೆ. ಒಂದೊಂದೇ ಪದ ನಿಧಾನವಾಗಿ ಓದಿಕೊಂಡರು.

"ನಮ್ಮ ಮದುವೆ ಚಪ್ಪರದಲ್ಲಿ ಮುನ್ನೂರು ಜನ ಕೂತಿದ್ರು ಕಣೆ," ಎಂದರು. "ಒಬ್ಬರಿಗೂ ಇದನ್ನ ಕೇಳ್ಬೇಕು ಅಂತ ಹೊಳೀಲಿಲ್ಲ ನೋಡು."